ಮೈಸೂರಿನ ಹಿಂಡಿ, ಪುಣೆಯ ಲೆಕ್ಕ, ಸಂತೆಯ ಸೊಪ್ಪು

ಪುಣೆಯ ಗುಲ್‌ಟೇಕಡಿಯಲ್ಲಿರುವ ಮಾರ್ಕೆಟ್ ಯಾರ್ಡಿನ ದಿನ ಆರಂಭವಾಗುವುದು ನಗರದ ಬಹುಪಾಲು ಜನ ಇನ್ನೂ ನಿದ್ರೆಯಲ್ಲಿರುವಾಗ. ಜುನ್ನರ, ಪುರಂದರ, ಖೇಡ, ಶಿರೂರು ತಾಲ್ಲೂಕುಗಳ ಹೊಲಗಳಲ್ಲಿ ಸಂಜೆ ಕಿತ್ತ ತರಕಾರಿ ರಾತ್ರಿಯಿಡೀ ಲಾರಿಗಳಲ್ಲಿ ಪ್ರಯಾಣ ಮಾಡಿ ನಸುಕಿನಲ್ಲಿ ಇಲ್ಲಿ ಬಂದಿಳಿಯುತ್ತದೆ. ಹಮಾಲರ ಕೂಗು, ದಲಾಲರ ಚೌಕಾಶಿ, ಹಸಿ ಮಣ್ಣಿನ ವಾಸನೆ ಇವುಗಳ ನಡುವೆ ಮೆಂತ್ಯ, ಪಾಲಕ್, ಸಬ್ಬಸಿಗೆ, ಕೊತ್ತಂಬರಿಗಳ ಕಟ್ಟುಗಳು ಗುಡ್ಡದಂತೆ ಬೆಳೆಯುತ್ತವೆ. ಬಿಸಿಲೇರಿದಂತೆ ಗುಡ್ಡ ಕರಗುತ್ತದೆ. ಆದರೆ ಮಾಲು ಹೆಚ್ಚಾಗಿ ಬಂದ ದಿನ ಅದು ಪೂರ್ತಿಯಾಗಿ ಕರಗುವುದಿಲ್ಲ. ಉಳಿದ ಸೊಪ್ಪು ಬಾಡುತ್ತದೆ, ಬಾಡಿದ್ದು ಕಸದ ಗಾಡಿಯನ್ನು ಸೇರುತ್ತದೆ.

ಅದೇ ನಗರದ ಅಂಚಿನಲ್ಲಿ ಹೊಸ ಕಟ್ಟಡಗಳು ಏಳುತ್ತಿರುವ ಕಡೆಗಳಲ್ಲಿ ತಗಡಿನ ಗುಡಿಸಲುಗಳ ಸಾಲುಗಳಿವೆ. ಅಲ್ಲಿ ಕಿವಿಗೊಟ್ಟವರಿಗೆ ಕನ್ನಡ ಕೇಳಿಸುವುದುಂಟು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ದುಡಿಮೆಯನ್ನು ಅರಸಿ ಬಂದ ಕುಟುಂಬಗಳು ಅವು. ತಾಯಿ ಇಟ್ಟಿಗೆ ಹೊರುತ್ತಾಳೆ. ಮರಳಿನ ರಾಶಿಯ ಪಕ್ಕದಲ್ಲಿ ಮಗು ಆಡುತ್ತದೆ. ಮಧ್ಯಾಹ್ನದ ಬುತ್ತಿಯಲ್ಲಿ ರೊಟ್ಟಿಯೂ ಖಾರವೂ ಇರಬಹುದು. ಪಲ್ಲೆ ಇರುವ ದಿನಗಳು ಕಡಿಮೆ. ಒಂದೇ ಊರಿನಲ್ಲಿ, ಒಂದೇ ಬೆಳಿಗ್ಗೆ, ಒಂದು ಕಡೆ ಸೊಪ್ಪು ಕೊಳೆಯುತ್ತದೆ. ಇನ್ನೊಂದು ಕಡೆ ಸೊಪ್ಪಿಲ್ಲದೆ ರಕ್ತ ತೆಳುವಾಗುತ್ತದೆ.

ಇದು ಪುಣೆಯೊಂದರ ಸಂಗತಿಯಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನ ಮನೆಗಳು, ಹೋಟೆಲುಗಳು ಮತ್ತು ಅಂಗಡಿಗಳು ಸೇರಿ 105 ಕೋಟಿ ಟನ್ ಆಹಾರವನ್ನು ಪೋಲು ಮಾಡಿದವು. ಕೊಳ್ಳುವವರ ಕೈಗೆಟುಕುವ ಆಹಾರದಲ್ಲಿ ಇದು ಸುಮಾರು ಐದರಲ್ಲಿ ಒಂದು ಪಾಲು. ಹೊಲದಿಂದ ಅಂಗಡಿಯವರೆಗಿನ ದಾರಿಯಲ್ಲಿ ನಷ್ಟವಾಗುವುದು ಇದಕ್ಕೆ ಹೊರತಾದುದು. ಭಾರತದಲ್ಲಿ ಲುಧಿಯಾನದ ಕೊಯ್ಲೋತ್ತರ ಸಂಶೋಧನ ಸಂಸ್ಥೆಯು 2015ರಲ್ಲಿ ಹೊರತಂದ ಅಧ್ಯಯನವು ಟೊಮ್ಯಾಟೊ ಬೆಳೆಯ ಶೇ. 12ಕ್ಕೂ ಹೆಚ್ಚು, ಸೀಬೆಯ ಶೇ. 16ರಷ್ಟು ಭಾಗ ಹಾಳಾಗುತ್ತದೆಂದು ತೋರಿಸಿತು. ಇತ್ತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದೂ, 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇ. 57ರಷ್ಟು ಮಂದಿ ರಕ್ತಹೀನತೆಯುಳ್ಳವರೆಂದೂ ಕಂಡುಬಂದಿತು.

ಹೆಚ್ಚಾದುದನ್ನು ಇಲ್ಲದವರಿಗೆ ಮುಟ್ಟಿಸಿದರೆ ಸಾಲದೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಏನನ್ನು ಮುಟ್ಟಿಸಬೇಕು, ಯಾವ ರೂಪದಲ್ಲಿ ಮುಟ್ಟಿಸಬೇಕು, ಯಾರಿಗೆ ಯಾವಾಗ ಮುಟ್ಟಿಸಬೇಕು ಎಂಬ ಪ್ರಶ್ನೆಗಳಿಗೆ ವಿಜ್ಞಾನವು ಕಳೆದ ಎಪ್ಪತ್ತು ವರ್ಷಗಳಲ್ಲಿ ಮೂರು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ. ಮೊದಲನೆಯದು ಮೈಸೂರಿನಿಂದ ಬಂದಿತು. ಉಳಿದ ಎರಡರಲ್ಲಿಯೂ ಪುಣೆಯ ಪಾತ್ರ ದೊಡ್ಡದು. ಆದುದರಿಂದ ಪುಣೆಯಲ್ಲಿ ನೆಲೆಸಿದ ಕನ್ನಡಿಗರು ಈ ಕಥೆಯನ್ನು ಅರಿತಿರುವುದು ಉಚಿತ.

ಮೈಸೂರಿನ ಉತ್ತರ: ಹಿಂಡಿ

ಮೈಸೂರಿನ ಚೆಲುವಾಂಬ ಮಹಲನ್ನು ನೋಡದ ಮೈಸೂರಿಗರಿಲ್ಲ. ಒಂದು ಕಾಲದಲ್ಲಿ ರಾಜಕುಮಾರಿಯ ವಾಸಕ್ಕೆಂದು ಕಟ್ಟಿದ ಆ ಸೌಧದಲ್ಲಿ 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಆರಂಭವಾಯಿತು. ಅದರ ಮೊದಲ ನಿರ್ದೇಶಕರು ಡಾ. ವಿ. ಸುಬ್ರಹ್ಮಣ್ಯನ್, ಅದಕ್ಕೆ ಮುನ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಜೀವರಸಾಯನ ವಿಭಾಗದಲ್ಲಿ ಇದ್ದವರು. ಸ್ವಾತಂತ್ರ್ಯ ಬಂದಿದ್ದರೂ ಅನ್ನ ಬಂದಿರಲಿಲ್ಲ. ಬಂಗಾಳದ 1943ರ ಕ್ಷಾಮದ ನೆನಪು ಇನ್ನೂ ಹಸಿಯಾಗಿತ್ತು. ದೇಶದಲ್ಲಿ ಇರುವ ವಸ್ತುವಿನಿಂದಲೇ, ಅಗ್ಗವಾಗಿ, ಮಕ್ಕಳಿಗೆ ಪುಷ್ಟಿ ಕೊಡುವ ಆಹಾರವನ್ನು ತಯಾರಿಸುವುದು ಆ ಸಂಸ್ಥೆಯ ಮುಂದಿದ್ದ ಕೆಲಸಗಳಲ್ಲಿ ಒಂದಾಗಿತ್ತು.

ಅವರ ಕಣ್ಣು ಬಿದ್ದುದು ಶೇಂಗಾ ಹಿಂಡಿಯ ಮೇಲೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಶೇಂಗಾ ಹಿಂಡಿ ಎಂದರೆ ರೊಟ್ಟಿಯ ಜೊತೆಗಿನ ಚಟ್ನಿಪುಡಿ. ಗಾಣದವನ ಬಾಯಲ್ಲಿ ಹಿಂಡಿ ಎಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ. ಅದು ದನದ ಕೊಟ್ಟಿಗೆಗೋ ಹೊಲದ ಗೊಬ್ಬರಕ್ಕೋ ಹೋಗುವಂಥದು. ಆದರೆ ರಸಾಯನಶಾಸ್ತ್ರಜ್ಞನು ನೋಡಿದಾಗ ಆ ಚರಟದ ತೂಕದಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನು. ದೇಶವು ಇಷ್ಟೊಂದು ಪ್ರೋಟೀನನ್ನು ಮಕ್ಕಳ ತಟ್ಟೆಯಿಂದ ದೂರ ಇಟ್ಟು, ಎಣ್ಣೆಯನ್ನಷ್ಟೇ ಅಡಿಗೆಮನೆಗೆ ಒಯ್ಯುತ್ತಿತ್ತು.

ಹಿಂಡಿಯನ್ನು ಶುದ್ಧವಾಗಿ ತಯಾರಿಸಿ ಹಿಟ್ಟು ಮಾಡಿದರೂ ಒಂದು ಕೊರತೆ ಉಳಿಯುತ್ತಿತ್ತು. ಪ್ರೋಟೀನು ಎಂಬುದು ಒಂದೇ ವಸ್ತುವಲ್ಲ. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಶೇಂಗಾದ ಸರದಲ್ಲಿ ಲೈಸೀನ್ ಎಂಬ ಮಣಿ ಕಡಿಮೆ. ಕಡಲೆಯಲ್ಲಿ ಅದು ಧಾರಾಳ. ಆದುದರಿಂದ ಮೈಸೂರಿನ ವಿಜ್ಞಾನಿಗಳು ಮುಕ್ಕಾಲು ಪಾಲು ಶೇಂಗಾ ಹಿಟ್ಟಿಗೆ ಕಾಲು ಪಾಲು ಹುರಿದ ಕಡಲೆಹಿಟ್ಟನ್ನು ಬೆರೆಸಿ, ಸುಣ್ಣಾಂಶವನ್ನೂ ಜೀವಸತ್ತ್ವಗಳನ್ನೂ ಸೇರಿಸಿ 'ಬಹೂಪಯೋಗಿ ಆಹಾರ'ವನ್ನು ಸಿದ್ಧಪಡಿಸಿದರು. ಇದರ ಹೆಸರಿಗೂ ಕಲ್ಪನೆಗೂ ಅಮೆರಿಕದಲ್ಲಿ ಒಂದು ಪೂರ್ವಕಥೆಯಿತ್ತು. ಲಾಸ್ ಏಂಜಲೀಸ್ ನಗರದ ಉಪಾಹಾರ ಗೃಹವೊಂದರ ಮಾಲೀಕ ಕ್ಲಿಫರ್ಡ್ ಕ್ಲಿಂಟನ್ ಎಂಬಾತನ ಕೋರಿಕೆಯಂತೆ ಹೆನ್ರಿ ಬೋರ್ಸುಕ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ಎಣ್ಣೆ ತೆಗೆದ ಸೋಯಾ ಅವರೆಯಿಂದ ಅಂಥದೇ ಆಹಾರವನ್ನು ತಯಾರಿಸಿದ್ದನು. ಒಂದು ಊಟಕ್ಕೆ ಮೂರು ಸೆಂಟು ಎಂಬುದು ಅದರ ಹೆಗ್ಗಳಿಕೆ. ಸೋಯಾ ಬೆಳೆಯದ ನಾಡಿನಲ್ಲಿ ಶೇಂಗಾವನ್ನು ಹಿಡಿದುದು ಮೈಸೂರಿನವರ ಜಾಣ್ಮೆ.

ಇಷ್ಟಕ್ಕೆ ಅವರು ನಿಲ್ಲಲಿಲ್ಲ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಚಳಿಗಾಲದಲ್ಲಿ ಎಮ್ಮೆಯ ಹಾಲು ಮಿತಿಮೀರಿ ಬರುತ್ತಿತ್ತು. ಬೇಸಿಗೆಯಲ್ಲಿ ಹಾಲಿಗೆ ಬರ. ಎಮ್ಮೆಯ ಹಾಲಿನಿಂದ ಪುಡಿ ಮಾಡಲು ಬರುವುದಿಲ್ಲವೆಂಬ ಪಾಶ್ಚಾತ್ಯ ತಜ್ಞರ ಮಾತನ್ನು ಆಣಂದದ ಸಹಕಾರ ಸಂಘದವರು 1955ರಲ್ಲಿ ಸುಳ್ಳು ಮಾಡಿದರು. ಆ ಹಾಲಿನಿಂದ ಶಿಶುಗಳಿಗೆ ಸುಲಭವಾಗಿ ಜೀರ್ಣವಾಗುವ ಆಹಾರವನ್ನು ತಯಾರಿಸುವ ವಿಧಾನ ಮೈಸೂರಿನಿಂದ ಹೋಯಿತು. ಬಿಹಾರದ ಕ್ಷಾಮದ ವೇಳೆ, 1967ರಲ್ಲಿ, ಗೋಧಿ, ಶೇಂಗಾ ಹಿಟ್ಟು ಮುಂತಾದುವನ್ನು ಬೆರೆಸಿದ 'ಬಾಲಾಹಾರ'ದ ಉತ್ಪಾದನೆ ಆರಂಭವಾಯಿತು. 1970ರ ದಶಕದಲ್ಲಿ ಬೆಂಗಳೂರಿನಲ್ಲಿ 'ಮಿಲ್ಟೋನ್' ತಯಾರಾಯಿತು. ಶೇಂಗಾದಿಂದ ಬೇರ್ಪಡಿಸಿದ ಪ್ರೋಟೀನನ್ನು ಎಮ್ಮೆಯ ಹಾಲಿಗೆ ಸೇರಿಸಿ ಇದ್ದ ಹಾಲನ್ನು ಹಿಗ್ಗಿಸುವ ಉಪಾಯ ಅದು.

ನಂಜಿನ ಎಚ್ಚರಿಕೆ

ಆದರೆ ಹಿಂಡಿಯ ದಾರಿ ಹೂವಿನ ಹಾಸಿಗೆಯಾಗಲಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿ ನೋಡಿದಾಗ ಅವುಗಳಿಗೆ ಹಾಕಿದ್ದ ಶೇಂಗಾ ಹಿಂಡಿಯಲ್ಲಿ ಬೆಳೆದಿದ್ದ ಬೂಷ್ಟು ಕಾರಣವೆಂದು ಗೊತ್ತಾಯಿತು. ಆ ಬೂಷ್ಟು ಉಂಟುಮಾಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಅದು ಯಕೃತ್ತನ್ನು ಕೆಡಿಸುತ್ತದೆ. ಮನೆಯಲ್ಲಿ ಹುರಿದುದರಿಂದಾಗಲಿ ಬೇಯಿಸಿದುದರಿಂದಾಗಲಿ ಪೂರ್ತಿ ನಾಶವಾಗುವುದಿಲ್ಲ.

ಇದು ಕೋಳಿಗಳ ಮಾತಾಯಿತು ಎಂದು ಯಾರೂ ಅಲಕ್ಷ್ಯ ಮಾಡದಂತೆ 1974ರಲ್ಲಿ ಭಾರತದಲ್ಲಿಯೇ ದುರಂತ ನಡೆಯಿತು. ಗುಜರಾತಿನ ಪಂಚಮಹಲು ಮತ್ತು ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳ ಆದಿವಾಸಿ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದ ಜನರಿಗೆ ಕಾಮಾಲೆ ಬಂದು ನೂರಾರು ಮಂದಿ ಹಾಸಿಗೆ ಹಿಡಿದರು. 106 ಜನ ಮರಣ ಹೊಂದಿದರು. ಅವರಿಗೆ ಅದು ಬೂಷ್ಟು ಹಿಡಿದ ಕಾಳೆಂದು ತಿಳಿಯದೆ ಇರಲಿಲ್ಲ. ಬೇರೆ ಕಾಳು ಇರಲಿಲ್ಲ, ಅಷ್ಟೇ.

ಹೆಚ್ಚಾಗಿ ಉಳಿದುದನ್ನು ಬಡವರಿಗೆ ಕೊಡುವ ಪ್ರತಿಯೊಬ್ಬರೂ ನೆನಪಿಡಬೇಕಾದ ಪಾಠವಿದು. ಉಳಿದದ್ದು ಬೇರೆ, ಕೆಟ್ಟದ್ದು ಬೇರೆ. ಮಾರಾಟವಾಗದ ವಸ್ತು ಕೊಡಲು ಯೋಗ್ಯ. ತಿನ್ನಲಾಗದ ವಸ್ತು ಯಾರಿಗೂ ಯೋಗ್ಯವಲ್ಲ. ಹಸಿದವನ ಹೊಟ್ಟೆ ವಿಷವನ್ನು ಜೀರ್ಣಿಸಿಕೊಳ್ಳುವುದಿಲ್ಲ. ಬದಲಾಗಿ ಅಪುಷ್ಟ ದೇಹಕ್ಕೆ ಅದರ ಪೆಟ್ಟು ಹೆಚ್ಚು.

ಪುಣೆಯ ಲೆಕ್ಕ

ಮೈಸೂರಿನ ಪ್ರಯತ್ನಗಳ ಹಿಂದೆ ಆ ಕಾಲದ ಜಗತ್ತೆಲ್ಲ ನಂಬಿದ್ದ ಒಂದು ವಿಚಾರವಿತ್ತು: ಬಡ ದೇಶಗಳ ಮುಖ್ಯ ರೋಗ ಪ್ರೋಟೀನಿನ ಕೊರತೆ. 1968ರಲ್ಲಿ ವಿಶ್ವಸಂಸ್ಥೆಯು ಬರಲಿರುವ 'ಪ್ರೋಟೀನು ಬಿಕ್ಕಟ್ಟಿ'ನ ವಿಷಯವಾಗಿ ವರದಿಯನ್ನೇ ಹೊರಡಿಸಿತು. ಈ ನಂಬಿಕೆಯನ್ನು ಪ್ರಶ್ನಿಸಿದವರಲ್ಲಿ ಪ್ರಮುಖರು ಪುಣೆಯ ಡಾ. ಪಿ. ವಿ. ಸುಖಾತ್ಮೆ. ಸಾತಾರಾ ಜಿಲ್ಲೆಯ ಬುಧ ಎಂಬ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿ, ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ರೋಮಿನಲ್ಲಿರುವ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಇಪ್ಪತ್ತು ವರ್ಷ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದು, ನಿವೃತ್ತರಾದ ಮೇಲೆ ಪುಣೆಗೆ ಮರಳಿ ಮಹಾರಾಷ್ಟ್ರ ವಿಜ್ಞಾನವರ್ಧಿನಿಯಲ್ಲಿ ಕೆಲಸ ಮಾಡಿದವರು. ಇಂದು ಆಘಾರಕರ ಸಂಶೋಧನ ಸಂಸ್ಥೆ ಎಂದು ಹೆಸರಾಗಿರುವುದು ಅದೇ.

ಸುಖಾತ್ಮೆಯವರ ಲೆಕ್ಕ ನೇರವಾಗಿತ್ತು. ಭಾರತದ ಬಡವನು ತಿನ್ನುವ ಜೋಳ, ಗೋಧಿ, ಅಕ್ಕಿ, ಬೇಳೆಗಳ ಊಟದಲ್ಲಿ ಪ್ರೋಟೀನಿನ ಪ್ರಮಾಣ ಸಾಕಷ್ಟಿದೆ, ಕಡಿಮೆಯಿರುವುದು ಊಟವೇ. ಹೊಟ್ಟೆ ತುಂಬುವಷ್ಟು ಅದೇ ರೊಟ್ಟಿ, ಅದೇ ಬೇಳೆ ಸಿಕ್ಕಿದರೆ ಪ್ರೋಟೀನು ತಾನಾಗಿ ಬರುತ್ತದೆ. ಹೊಟ್ಟೆ ತುಂಬದಿರುವಾಗ ಪ್ರೋಟೀನು ಪುಡಿಯನ್ನು ಕೊಟ್ಟರೆ ದೇಹವು ಅದನ್ನು ಮಾಂಸಖಂಡ ಕಟ್ಟಲು ಬಳಸದೆ ಸೌದೆಯಂತೆ ಉರಿಸಿಬಿಡುತ್ತದೆ. ಗಂಧದ ಕೊರಡನ್ನು ಒಲೆಗೆ ಹಾಕಿದಂತೆ!

ಅದೇ ಕಾಲದಲ್ಲಿ ಪುಣೆಯ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯ ವಿ. ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ಅವರು 1971ರಲ್ಲಿ ಭಾರತದ ಬಡತನವನ್ನು ಕುರಿತ ತಮ್ಮ ಪ್ರಸಿದ್ಧ ಅಧ್ಯಯನವನ್ನು ಪ್ರಕಟಿಸಿದರು. ಒಬ್ಬ ವ್ಯಕ್ತಿಗೆ ದಿನಕ್ಕೆ 2,250 ಕ್ಯಾಲೊರಿ ಆಹಾರ ದೊರಕಿಸುವಷ್ಟು ವೆಚ್ಚ ಮಾಡಲಾರದವರನ್ನು ಬಡವರೆಂದು ಅವರು ಎಣಿಸಿದರು. ದೇಶದ ಬಡತನದ ಗೆರೆಯು ಅನ್ನದ ಅಳತೆಗೋಲಿನಿಂದ ಎಳೆಯಲ್ಪಟ್ಟುದು ಹೀಗೆ. ಮುಂದೆ ಸುಖಾತ್ಮೆ ಮತ್ತು ದಾಂಡೇಕರ್ ಅವರ ನಡುವೆಯೇ ಈ ಅಳತೆಯ ಬಗ್ಗೆ ತೀವ್ರ ಚರ್ಚೆ ನಡೆಯಿತು. ಒಬ್ಬ ಮನುಷ್ಯನಿಗೆ ಬೇಕಾಗುವ ಆಹಾರವು ದಿನದಿಂದ ದಿನಕ್ಕೆ ಬದಲಾಗುವುದರಿಂದ ಸರಾಸರಿಯ ಕೆಳಗಿರುವವರೆಲ್ಲ ಹಸಿದವರಲ್ಲವೆಂದು ಸುಖಾತ್ಮೆಯವರ ವಾದ. ಹೈದರಾಬಾದಿನ ಡಾ. ಸಿ. ಗೋಪಾಲನ್ ಅವರು ಅದನ್ನು ಒಪ್ಪಲಿಲ್ಲ. ಕಡಿಮೆ ಆಹಾರಕ್ಕೆ ದೇಹ ಒಗ್ಗಿಕೊಳ್ಳುವುದು ಆರೋಗ್ಯವಲ್ಲ, ಬೆಳವಣಿಗೆಯನ್ನು ತೆತ್ತು ಬದುಕುಳಿಯುವುದಷ್ಟೇ ಎಂಬುದು ಅವರ ನಿಲುವು.

ಈ ಪಂಡಿತರ ವಾದ ನಡೆಯುತ್ತಿದ್ದಾಗಲೇ ಮಹಾರಾಷ್ಟ್ರವನ್ನು 1972ರ ಭೀಕರ ಬರ ಮುತ್ತಿತು. ಪುಣೆಯ ಹಿರಿಯರಿಗೆ ಆಗಿನ ಕೆಂಪು 'ಮಿಲೋ' ಜೋಳವೂ, ಬರಗಾಲದ ಕಾಮಗಾರಿಗಳಲ್ಲಿ ಹಂಚುತ್ತಿದ್ದ 'ಸುಕಡಿ'ಯೂ ಇನ್ನೂ ನೆನಪಿವೆ. ಹೊಟ್ಟೆಗಿಲ್ಲದ ದಿನಗಳಲ್ಲಿ ಆ ಸುಕಡಿಯ ಮುಷ್ಟಿ ಅನೇಕ ಮಕ್ಕಳ ಜೀವ ಹಿಡಿಯಿತು.

ಕಾಲಕ್ರಮೇಣ ಪ್ರೋಟೀನು ಪುಡಿಗಳ ಭರಾಟೆ ಇಳಿಯಿತು. ವಿಜ್ಞಾನದ ಮಾತು ಬದಲಾದುದು ಒಂದು ಕಾರಣ. ಇನ್ನೊಂದು ಕಾರಣ ಮನುಷ್ಯ ಸ್ವಭಾವದ್ದು. 'ಬಡವರ ಆಹಾರ' ಎಂಬ ಚೀಟಿ ಅಂಟಿಸಿಕೊಂಡ ಯಾವುದನ್ನೂ ಬಡವನು ಇಷ್ಟಪಟ್ಟು ತಿನ್ನುವುದಿಲ್ಲ. ನಾಲಗೆಗೆ ಪರಿಚಯವಿಲ್ಲದ ಪುಡಿ ಎಷ್ಟೇ ಪುಷ್ಟಿಕರವಾದರೂ ಡಬ್ಬಿಯಲ್ಲಿಯೇ ಉಳಿಯುತ್ತದೆ. ಆದರೆ ಮೈಸೂರಿನ ಮೂಲ ಪಾಠ, ಎಂದರೆ ಧಾನ್ಯಕ್ಕೆ ಕಾಳನ್ನು ಕೂಡಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆಂಬುದು, ಸುಳ್ಳಾಗಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸರಳ ಮಿಶ್ರಣವೇ ಇದಕ್ಕೆ ನಿದರ್ಶನ: ಹುರಿದ ಗೋಧಿ 40 ಗ್ರಾಂ, ಹುರಿದ ಕಡಲೆ 16 ಗ್ರಾಂ, ಶೇಂಗಾ 10 ಗ್ರಾಂ, ಬೆಲ್ಲ 20 ಗ್ರಾಂ. ಮಗುವಿಗೆ ಇಷ್ಟರಿಂದ ಸುಮಾರು 330 ಕ್ಯಾಲೊರಿಯೂ 11 ಗ್ರಾಂ ಪ್ರೋಟೀನೂ ದೊರೆಯುತ್ತವೆ. ಯಾವ ಕಾರ್ಖಾನೆಯೂ ಬೇಕಿಲ್ಲ. ಅಜ್ಜಿಯರ ಹುರಿಹಿಟ್ಟಿನ ಉಂಡೆಯನ್ನು ಬಲ್ಲವರಿಗೆ ಇದು ಹೊಸದೂ ಅಲ್ಲ.

ಸಂತೆಯ ಸೊಪ್ಪು

ಮೂರನೆಯ ಉತ್ತರವೂ ಪುಣೆಯ ಸುತ್ತಣ ಹಳ್ಳಿಗಳಿಂದಲೇ ಬಂದಿತು. 1993ರಿಂದ ಆರಂಭಿಸಿ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಸಿ. ಎಸ್. ಯಾಜ್ಞಿಕ್ ಮತ್ತು ಅವರ ಸಂಗಡಿಗರು ಆರು ಹಳ್ಳಿಗಳ ಗರ್ಭಿಣಿಯರನ್ನು ಕುರಿತು ಅಧ್ಯಯನವನ್ನು ಕೈಕೊಂಡರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ವಿಜ್ಞಾನಿಗಳೂ ಇದರಲ್ಲಿ ಸೇರಿದ್ದರು. ಹೊಲದಲ್ಲಿ ದುಡಿದು, ನೀರು ಹೊತ್ತು, ಅಲ್ಪಾಹಾರದಲ್ಲಿ ದಿನ ಕಳೆಯುವ ಆ ತಾಯಂದಿರಿಗೆ ಹುಟ್ಟಿದ ಮಕ್ಕಳ ಸರಾಸರಿ ತೂಕ 2,665 ಗ್ರಾಂ.

ಆಘಾರಕರ ಸಂಸ್ಥೆಯ ಡಾ. ಶೋಭಾ ರಾವ್ ಮುಂತಾದವರು 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅಚ್ಚರಿಯ ಸಂಗತಿಯೊಂದಿತ್ತು. ಆ ತಾಯಂದಿರು ಸೇವಿಸಿದ ಕ್ಯಾಲೊರಿಗೂ ಮಗುವಿನ ತೂಕಕ್ಕೂ ಸ್ಪಷ್ಟ ಸಂಬಂಧ ಕಾಣಲಿಲ್ಲ; ಪ್ರೋಟೀನಿಗೂ ಕಾಣಲಿಲ್ಲ. ಸಂಬಂಧ ಕಂಡುದು ಹಾಲು, ಹಣ್ಣು ಮತ್ತು ಹಸಿರು ಸೊಪ್ಪುಗಳಿಗೆ. ಇವನ್ನು ಮೇಲಿಂದ ಮೇಲೆ ತಿಂದ ತಾಯಂದಿರ ಮಕ್ಕಳು ಹೆಚ್ಚು ತೂಗಿದರು. ಮೈಸೂರು ಪ್ರೋಟೀನನ್ನು ಹುಡುಕಿತು, ಪುಣೆ ಕ್ಯಾಲೊರಿಯನ್ನು ಎಣಿಸಿತು. ಈಗ ಅದೇ ಪುಣೆಯ ಹಳ್ಳಿಗಳು ಸೊಪ್ಪಿನತ್ತ ಬೆರಳು ತೋರಿಸಿದವು. ಎರಡೂ ಲೆಕ್ಕಗಳಿಗೆ ಸಿಕ್ಕದ ಕಬ್ಬಿಣ, ಫೋಲೇಟ್, ಕ್ಯಾರೊಟೀನುಗಳು ಆ ಎಲೆಗಳಲ್ಲಿದ್ದವು.

ಸಂಬಂಧ ಕಂಡಿತೆಂದ ಮಾತ್ರಕ್ಕೆ ಅದೇ ಕಾರಣವೆಂದು ಹೇಳಲಾಗದು. ಪರೀಕ್ಷಿಸಿ ನೋಡಲು ಮುಂಬಯಿಯ ಕೊಳೆಗೇರಿಗಳಲ್ಲಿ 2006ರಿಂದ ದೊಡ್ಡ ಪ್ರಯೋಗ ನಡೆಯಿತು. ಆರು ಸಾವಿರಕ್ಕೂ ಹೆಚ್ಚು ಸ್ತ್ರೀಯರಿಗೆ ಪ್ರತಿದಿನ ಒಂದು ತಿಂಡಿ: ಅರ್ಧ ಜನಕ್ಕೆ ಸೊಪ್ಪು, ಹಣ್ಣು, ಹಾಲುಗಳಿಂದ ಮಾಡಿದ್ದು, ಉಳಿದವರಿಗೆ ಆಲೂಗಡ್ಡೆ, ಈರುಳ್ಳಿಗಳಂಥ ಸಾಧಾರಣ ತರಕಾರಿಗಳಿಂದ ಮಾಡಿದ್ದು. 2014ರಲ್ಲಿ ಫಲಿತಾಂಶ ಹೊರಬಂದಾಗ ಒಟ್ಟಾರೆ ಮಕ್ಕಳ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಗರ್ಭ ನಿಲ್ಲುವುದಕ್ಕೆ ಮೂರು ತಿಂಗಳಿಗೂ ಮೊದಲೇ ತಿಂಡಿಯನ್ನು ಆರಂಭಿಸಿದ್ದ ತಾಯಂದಿರ ಮಕ್ಕಳು ಸುಮಾರು 48 ಗ್ರಾಂ ಹೆಚ್ಚು ತೂಗಿದರು. ಗರ್ಭಿಣಿಯರಲ್ಲಿ ಕಾಣುವ ಸಿಹಿಮೂತ್ರ ರೋಗವೂ ಸೊಪ್ಪಿನ ತಿಂಡಿ ತಿಂದವರಲ್ಲಿ ಕಡಿಮೆಯಿತ್ತು.

ಈ ಫಲ ದೊಡ್ಡದೆನಿಸದಿರಬಹುದು. ಆದರೂ ಅದರಲ್ಲಿ ಎರಡು ಮಾತು ಅಡಗಿವೆ. ಮೊದಲನೆಯದು, ಸೊಪ್ಪು ಮಂತ್ರವಲ್ಲ. ಇತರ ಆಹಾರದ ಜೊತೆಗೆ ಅದು ಸೇರಬೇಕು. ಎರಡನೆಯದು, ಮದುವೆಯಾಗಿ, ಬಸಿರಾಗಿ, ತಿಂಗಳು ಕಳೆದ ಮೇಲೆ ಆರೈಕೆ ಆರಂಭಿಸಿದರೆ ತಡವಾಯಿತು. ಹುಡುಗಿಯ ತಟ್ಟೆಯಲ್ಲಿ ಪಲ್ಲೆ ಮೊದಲಿನಿಂದಲೂ ಇರಬೇಕು. ಮನೆಯ ಗಂಡಸರೆಲ್ಲ ಉಂಡೆದ್ದ ಮೇಲೆ ಪಾತ್ರೆಯ ತಳ ಕೆರೆದುಕೊಂಡು ಉಣ್ಣುವ ಸೊಸೆಯ ತಟ್ಟೆಯಲ್ಲಿಯೂ ಇರಬೇಕು.

ಉಳಿದುದನ್ನು ಉಳಿಸುವ ಬಗೆ

ಹಾಗಾದರೆ ಮಾರ್ಕೆಟ್ ಯಾರ್ಡಿನಲ್ಲಿ ಉಳಿಯುವುದೇ ಇಂದು ಅತ್ಯಂತ ಬೇಕಾದ ವಸ್ತು. ಅಡಚಣೆ ಇರುವುದು ಅದರಲ್ಲಿರುವ ನೀರಿನಿಂದ. ಟೊಮ್ಯಾಟೊ ಹಣ್ಣಿನಲ್ಲಿ ಶೇ. 94ರಷ್ಟು ನೀರು. ಇಪ್ಪತ್ತು ಕಿಲೋ ಕ್ರೇಟನ್ನು ಹೊರುವ ಹಮಾಲ ಹದಿನೆಂಟು ಕಿಲೋಗೂ ಹೆಚ್ಚು ನೀರನ್ನೇ ಹೊರುತ್ತಾನೆ. ಆ ನೀರೇ ಅದನ್ನು ಕೊಳೆಸುತ್ತದೆ, ಬೆಲೆಯನ್ನೂ ಕುಣಿಸುತ್ತದೆ. 2023ರ ಮೇ ತಿಂಗಳಲ್ಲಿ ಬೆಲೆ ಕುಸಿದು ಮಹಾರಾಷ್ಟ್ರದ ರೈತರು ಟೊಮ್ಯಾಟೊವನ್ನು ರಸ್ತೆಗೆ ಸುರಿದರು. ಎರಡೇ ತಿಂಗಳಲ್ಲಿ, ಜುಲೈ ಹೊತ್ತಿಗೆ, ಅದೇ ಹಣ್ಣು ಕಿಲೋಗೆ ನೂರು ರೂಪಾಯಿಯನ್ನು ದಾಟಿತು. ನಾರಾಯಣಗಾವಿನ ರೈತನಿಗೂ ಕೋಲಾರದ ರೈತನಿಗೂ ಈ ಏರಿಳಿತದ ನೋವು ಒಂದೇ.

ನೀರನ್ನು ತೆಗೆಯುವ ವಿದ್ಯೆ ಕನ್ನಡ ನಾಡಿನ ಮನೆಗಳಿಗೆ ಹೊಸದಲ್ಲ. ಬೇಸಿಗೆಯ ಅಟ್ಟದ ಮೇಲಿನ ಸಂಡಿಗೆ, ಬಾಳಕದ ಮೆಣಸಿನಕಾಯಿ, ಕರಾವಳಿಯ ಹಲಸಿನ ಹಪ್ಪಳ, ಮಾಂಬಳ, ಉಪ್ಪಿನಲ್ಲಿ ಹಾಕಿಟ್ಟ ಸೊಳೆ ಇವೆಲ್ಲ ಹೆಚ್ಚು ಬಂದ ಕಾಲದ್ದನ್ನು ಇಲ್ಲದ ಕಾಲಕ್ಕೆ ದಾಟಿಸುವ ಸೇತುವೆಗಳೇ. ಅದೇ ವಿದ್ಯೆಯನ್ನು ಸೊಪ್ಪಿಗೂ ಹಿಡಿಸಬಹುದು. ಕ್ರಮ ಹೀಗಿದೆ: ತಾಜಾ ಸೊಪ್ಪನ್ನು ಅದೇ ದಿನ ಆರಿಸಿ, ಹಳದಿಯಾದ, ಕೊಳೆತ ಎಲೆಗಳನ್ನು ತೆಗೆದುಹಾಕಿ, ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು ತಣ್ಣೀರಿಗೆ ಹಾಕಿ ಬಸಿಯಬೇಕು. ಹೀಗೆ ಮಾಡಿದರೆ ಬಣ್ಣವೂ ಕ್ಯಾರೊಟೀನೂ ಉಳಿಯುತ್ತವೆ. ಬಳಿಕ ಗಾಳಿಯಾಡುವ ನೆರಳಿನಲ್ಲಿ, ಶುಭ್ರ ಬಟ್ಟೆಯ ಮೇಲೆ ತೆಳುವಾಗಿ ಹರಡಿ, ಇನ್ನೊಂದು ತೆಳು ಬಟ್ಟೆಯನ್ನು ಹೊದಿಸಬೇಕು. ನೇರ ಬಿಸಿಲು ಕ್ಯಾರೊಟೀನನ್ನು ಕೆಡಿಸುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಗರಿಗರಿಯಾಗಿ ಪುಡಿಯಾಗುವಂತಾದಾಗ ಗಾಳಿಯಾಡದ ಡಬ್ಬಿಗೆ ತುಂಬಬೇಕು. ಹತ್ತು ಕಿಲೋ ಸೊಪ್ಪಿಗೆ ಸುಮಾರು ಒಂದು ಕಿಲೋ ಒಣ ಸೊಪ್ಪು ದೊರೆಯುತ್ತದೆ. ಮೆತ್ತಗಾದುದು, ಬೂಷ್ಟಿನ ವಾಸನೆ ಬಂದುದು ಕಸಕ್ಕೆ ಹೋಗಬೇಕು. 1974ರ ಹಳ್ಳಿಗಳನ್ನು ಮರೆಯಬಾರದು. ಪುಣೆಯ ಮಳೆಗಾಲ ಈ ಕೆಲಸಕ್ಕೆ ತಕ್ಕುದಲ್ಲ.

ಒಣಗಿಸಿದ ಸೊಪ್ಪಿನಲ್ಲಿ 'ಸಿ' ಜೀವಸತ್ತ್ವ ಬಹಳಮಟ್ಟಿಗೆ ನಷ್ಟವಾಗಿರುತ್ತದೆ. ಆದುದರಿಂದ ಊಟದ ಹೊತ್ತಿಗೆ ನಿಂಬೆಹುಳಿ ಹಿಂಡಿದರೆ ಎರಡು ಲಾಭ: ಆ ಕೊರತೆ ತುಂಬುತ್ತದೆ, ಸೊಪ್ಪಿನ ಕಬ್ಬಿಣವೂ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಚಹ ಕುಡಿಯುವ ಅಭ್ಯಾಸ ಅದೇ ಕಬ್ಬಿಣಕ್ಕೆ ಅಡ್ಡಿ. ಸೊಪ್ಪಿನಲ್ಲಿ 'ಬಿ-12' ಜೀವಸತ್ತ್ವ ಇಲ್ಲ. ಶಾಕಾಹಾರಿಗಳು ಅದಕ್ಕಾಗಿ ಹಾಲು, ಮೊಸರು, ಮಜ್ಜಿಗೆಗಳನ್ನು ಆಶ್ರಯಿಸಬೇಕು. ಈ ಸೊಪ್ಪನ್ನು ಜೋಳದ ತಾಲಿಪಟ್ಟಿಯಲ್ಲಿ, ಝುಣಕದಲ್ಲಿ, ಬೇಳೆಯ ಸಾರಿನಲ್ಲಿ ಸೇರಿಸಿ, ಪಕ್ಕದಲ್ಲಿ ಶೇಂಗಾ ಹಿಂಡಿಯನ್ನಿಟ್ಟು ಮೊಸರು ಬಡಿಸಿದರೆ ಮೈಸೂರಿನ ಪ್ರೋಟೀನು, ಸುಖಾತ್ಮೆಯವರ ಕ್ಯಾಲೊರಿ, ಯಾಜ್ಞಿಕರ ಹಳ್ಳಿಗಳ ಸೊಪ್ಪು ಮೂರೂ ಒಂದೇ ತಟ್ಟೆಯಲ್ಲಿ ಕೂಡಿದಂತೆ. ಎಳೆಯ ಮಕ್ಕಳಿಗಾದರೆ ಮೊಳಕೆ ಬರಿಸಿ ಒಣಗಿಸಿ ಬೀಸಿದ ರಾಗಿಹಿಟ್ಟಿನ ಅಂಬಲಿ. ಮೊಳಕೆಯಲ್ಲಿ ಹುಟ್ಟುವ ಕಿಣ್ವವು ಅಂಬಲಿಯನ್ನು ತೆಳುವಾಗಿಸುವುದರಿಂದ ಹೆಚ್ಚು ಹಿಟ್ಟನ್ನು ಹಾಕಿದರೂ ಮಗು ಸುಲಭವಾಗಿ ಕುಡಿಯುತ್ತದೆ.

ಬೇಯಿಸಿದ ಅಡಿಗೆಯ ವಿಷಯ ಬೇರೆ. ಮದುವೆ, ಹೋಟೆಲುಗಳಲ್ಲಿ ಉಳಿದ ಅನ್ನವನ್ನು ಹಂಚುವವರಿಗಾಗಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2019ರಲ್ಲಿ ಪ್ರತ್ಯೇಕ ನಿಯಮಗಳನ್ನು ಮಾಡಿದೆ. ಹಂಚುವ ಸಂಸ್ಥೆಗಳು ಅವುಗಳನ್ನು ಪಾಲಿಸಬೇಕು. ಬಿಸಿಯಾದುದು 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು. ನಡುವಿನ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಎಚ್ಚರಿಕೆ. ಉಂಡ ಎಲೆಯಲ್ಲಿ ಉಳಿದುದು ಉಳಿಕೆಯಲ್ಲ, ಎಂಜಲು. ಬಡಿಸದೆ ಉಳಿದುದು ಮಾತ್ರ ಕೊಡಲು ಯೋಗ್ಯ.

ಕೊಡುವ ಕೈಯ ಮರ್ಯಾದೆ

ಪ್ರೋಟೀನು ಪುಡಿಗಳು ಸೋತಲ್ಲಿ ಗೆದ್ದಿರುವ ಪದ್ಧತಿಗಳು ಕನ್ನಡ ನಾಡಿನಲ್ಲಿವೆ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ನಡೆಯುವ ಪರ್ಯಾಯದ ಕಾಲಕ್ಕೆ ಊರೂರುಗಳಿಂದ ಅಕ್ಕಿ, ತೆಂಗು, ಬೆಲ್ಲ, ತರಕಾರಿಗಳ ಹೊರೆಕಾಣಿಕೆ ಮೆರವಣಿಗೆಯಲ್ಲಿ ಬರುತ್ತದೆ. ತಂದವನೂ ತರಲಾಗದವನೂ ಅಲ್ಲಿ ಉಣ್ಣುತ್ತಾರೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ 2019ರ ಜನವರಿಯಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಹಳ್ಳಿಗಳ ರೈತರು ಕೊಟ್ಟ ಧಾನ್ಯದಿಂದ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡುತ್ತ ಬಂದರು. ಅಲ್ಲಿ ಉಂಡ ಹುಡುಗನು ಭಿಕ್ಷೆ ಉಂಡೆನೆಂದು ತಲೆ ತಗ್ಗಿಸಲಿಲ್ಲ. ದಾಸೋಹದಲ್ಲಿ ಪ್ರಸಾದ ಪಡೆದೆನೆಂದು ತಲೆಯೆತ್ತಿ ನಡೆದನು. ಪುಷ್ಟಿಯ ಲೆಕ್ಕದಲ್ಲಿ ಈ ಮರ್ಯಾದೆಗೆ ಅಂಕಣವಿಲ್ಲ. ಆದರೆ ಅದಿಲ್ಲದೆ ಬಡಿಸಿದ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಪುಣೆಯ ಕನ್ನಡಿಗರ ಮುಂದೆ ಈಗ ಒಂದು ಸುಲಭವಾದ ಅವಕಾಶವಿದೆ. ಉಪಾಹಾರ ಗೃಹಗಳನ್ನು ನಡೆಸುವವರಿಗೆ ಮಾರ್ಕೆಟ್ ಯಾರ್ಡಿನ ದರ, ಆವಕ, ದಲಾಲರ ಪರಿಚಯ ಎಲ್ಲವೂ ಇದೆ. ಬೆಲೆ ನೆಲ ಕಚ್ಚಿದ ದಿನ ನ್ಯಾಯವಾದ ಬೆಲೆ ಕೊಟ್ಟು ಸೊಪ್ಪನ್ನು ಕೊಂಡರೆ ರೈತನಿಗೂ ಆಸರೆ. ಒಣಗಿಸಲು ಮಹಡಿಗಳಿವೆ, ಕೈ ಬಲ್ಲ ಅಜ್ಜಿಯರಿದ್ದಾರೆ, ಲೆಕ್ಕ ಬಲ್ಲ ನಿವೃತ್ತರಿದ್ದಾರೆ, ತಾಯಂದಿರ ರಕ್ತ ಪರೀಕ್ಷಿಸಬಲ್ಲ ಕನ್ನಡ ವೈದ್ಯರೂ ಇದ್ದಾರೆ. ಕಟ್ಟಡದ ಗುಡಿಸಲುಗಳಿಗೆ ಹೋಗಿ "ಅಕ್ಕಾ, ಊಟ ಆಯ್ತೇನ್ರೀ?" ಎಂದು ತಾಯ್ನುಡಿಯಲ್ಲಿ ಕೇಳಬಲ್ಲವರು ಈ ನಗರದಲ್ಲಿ ಕನ್ನಡಿಗರಲ್ಲದೆ ಇನ್ನಾರು? ಅಲ್ಲಿನ ಹೆಣ್ಣುಮಕ್ಕಳನ್ನೇ ಕೂಲಿ ಕೊಟ್ಟು ಈ ಕೆಲಸದಲ್ಲಿ ಸೇರಿಸಿಕೊಂಡರೆ ಕೊಡುವವರು, ಪಡೆಯುವವರು ಎಂಬ ಗೆರೆಯೇ ಅಳಿಸಿಹೋಗುತ್ತದೆ.

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬುದು ಹಿರಿಯರ ನುಡಿ. ಊಟವನ್ನು ಬಲ್ಲವರು ಅನೇಕರಿದ್ದಾರೆ. ಬಲ್ಲ ಊಟ ದೊರೆಯದವರೂ ಅಷ್ಟೇ ಮಂದಿ ಇದ್ದಾರೆ. ನಾಳೆಯ ನಸುಕಿನಲ್ಲಿಯೂ ಗುಲ್‌ಟೇಕಡಿಗೆ ಲಾರಿಗಳು ಬರುತ್ತವೆ. ಮಧ್ಯಾಹ್ನ ಉಳಿಯುವ ಸೊಪ್ಪಿನ ಕಟ್ಟು ಕಸದ ಗಾಡಿಗೆ ಹೋಗಬೇಕೋ, ಕೆಲವೇ ಮೈಲಿ ದೂರದಲ್ಲಿ ಇಟ್ಟಿಗೆ ಹೊರುತ್ತಿರುವ ಬಸುರಿಯ ತಟ್ಟೆಗೆ ಹೋಗಬೇಕೋ ಎಂಬುದನ್ನು ನಿರ್ಧರಿಸಲು ಹೊಸ ಸಂಶೋಧನೆಯೇನೂ ಬೇಕಾಗಿಲ್ಲ. ಬೆಳಿಗ್ಗೆ ಒಂದು ಗಂಟೆ ಬೇಗ ಏಳುವ ನಾಲ್ಕು ಜನ ಸಾಕು.